ಸಿಂಪಿ ಬಿತ್ತುವವರ ಊರಿನಲ್ಲಿ

ಫಾರಿನ್ ಹೆಂಗಿತ್ತು ಮೇಡಂ ಎಂದು ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಹಾಲಿನ ಡೇರಿಯ ಮುಂದೆ ಎಲ್ಲರೂ ಕೇಳಿದರು. ಚಳಿ ಇತ್ತು ಎಂದೆ. ಅಷ್ಟಕ್ಕೇ ಅವರಿಗೆ ಸಮಾಧಾನವಾಯಿತು. ಕೂತು ಹೇಳುವಷ್ಟು ಚೈತನ್ಯ ಆಗ ನನ್ನಲ್ಲಿರಲಿಲ್ಲ. ಈಗ ಬಂದಿದೆ ಎಂದೇನೂ ಅಲ್ಲ. ಬರೆಯುವಾಗ ಯಾರೂ ಎದುರಿಗೆ ಕೂತು ಮುಖ ನೋಡುವುದಿಲ್ಲ, ಅದೊಂದು ಅನುಕೂಲ.

ಹೋದದ್ದು ಸ್ಕಾಟ್ಲೆಂಡಿಗೆ. ಜಗಳೂರು ಕಡೆ ಕೆರೆಗಳ ಕೆಲಸ ಮಾಡುವ ಸಂಸ್ಥೆಯೊಂದು, ಬೇರೆ ದೇಶದಲ್ಲಿ ತಮ್ಮೂರ ನೀರನ್ನು ತಾವೇ ಕಾಯುವ ಜನರನ್ನು ನೋಡಿ ಬರಲಿ ಎಂದು ಸೊಕ್ಕೆಯ ರುದ್ರಕ್ಕನನ್ನು ಆರಿಸಿತ್ತು. ರುದ್ರಕ್ಕ ಅಲ್ಲಿನ ಕೆರೆ ಸಮಿತಿಯ ಅಧ್ಯಕ್ಷೆ. ಅವರಿಗೆ ಇಂಗ್ಲಿಷ್ ಬಾರದು. ನಾನು ಜೀವಶಾಸ್ತ್ರದ ಉಪನ್ಯಾಸಕಿ, ಆ ಕೆರೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಹಕ್ಕಿ, ಹುಳು ತೋರಿಸಿದ ಪರಿಚಯವಿತ್ತು. ದಸರಾ ರಜೆಯೂ ಇತ್ತು. ಹೀಗೆ ನಾನು ದುಭಾಷಿಯಾದೆ.

ನಾವು ನೋಡಬೇಕಿದ್ದದ್ದು ಸಿಂಪಿಯನ್ನು. ನಮ್ಮ ಕೆರೆಯಂಚಿನಲ್ಲಿ ಕಾಲಿಗೆ ಚುಚ್ಚುವ ಕಪ್ಪೆಚಿಪ್ಪಿನ ದಾಯಾದಿ ಅದು, ಸಮುದ್ರದ್ದು. ಆ ಊರಿನವರು ತಮ್ಮ ಕಡಲಿನಲ್ಲಿ ಅಳಿದುಹೋದ ಸಿಂಪಿಯನ್ನು ಮತ್ತೆ ತಂದು ಬಿತ್ತುತ್ತಿದ್ದಾರೆ ಎಂದಷ್ಟೇ ನಮಗೆ ಹೇಳಿದ್ದರು.

ತಪ್ಪಿ ಇಳಿದ ನಿಲ್ದಾಣ

ವಿಮಾನಗಳ ಕಥೆ ಬಿಡುತ್ತೇನೆ. ಎರಡು ರಾತ್ರಿ ಸರಿಯಾಗಿ ಮಲಗದವರಿಗೆ ಎಲ್ಲ ವಿಮಾನ ನಿಲ್ದಾಣಗಳೂ ಒಂದೇ. ಗ್ಲಾಸ್ಗೋದಲ್ಲಿ ಬಸ್ಸು ಹತ್ತಿದ ಮೇಲೆ ನಮ್ಮ ಕಷ್ಟ ಶುರುವಾಯಿತು. ಆ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಡ್ರೈವರ್ ಯಾವ ಊರಿನ ಹೆಸರನ್ನೂ ಕೂಗುವುದಿಲ್ಲ. ದಾವಣಗೆರೆಯಿಂದ ಜಗಳೂರಿಗೆ ಹೋಗುವಾಗ ನಿದ್ದೆ ಹೋದರೂ ಕಂಡಕ್ಟರ್ ಭುಜ ತಟ್ಟಿ ಇಳಿಸುತ್ತಾನೆ. ಇಲ್ಲಿ ಎಲ್ಲರೂ ಕಿಟಕಿಯ ಹೊರಗೆ ನೋಡುತ್ತ, ಪಕ್ಕದವರಿದ್ದಾರೆಂಬುದನ್ನೇ ಮರೆತಂತೆ ಕೂತಿದ್ದರು. ನಾನು ಕಣ್ಣು ಮುಚ್ಚಿ ತೆಗೆದಾಗ ಒಂದು ನೀರಿನಂಚು ಕಂಡಿತು. ನಾವು ಇಳಿಯಬೇಕಾದ ಊರು ಬಂತೆಂದು ಗಾಬರಿಯಿಂದ ಇಳಿದುಬಿಟ್ಟೆವು.

ಅದು ಆ ಊರಾಗಿರಲಿಲ್ಲ. ಯಾವ ಊರೂ ಆಗಿರಲಿಲ್ಲ. ಒಂದು ತಗಡಿನ ತಂಗುದಾಣ, ಬೇಲಿಯಾಚೆ ಕುರಿಗಳು, ಸಣ್ಣಗೆ ಬಿಡದೆ ಸುರಿಯುವ ಮಳೆ.

‘ಇಷ್ಟ್ ದೂರ ಬಂದು ಕುರಿ ಕಾಯಾಕೆ ನಿಂತಂಗಾತಲ್ರೀ ಮೇಡಂ’ ಎಂದರು ರುದ್ರಕ್ಕ. ಸ್ವೆಟರಿನ ಮೇಲೆ ಸೀರೆಯ ಸೆರಗು ಹೊದ್ದು, ಅದರ ಮೇಲೆ ಪ್ಲಾಸ್ಟಿಕ್ ಕೋಟು ತೊಟ್ಟು, ಸೂಟ್‌ಕೇಸಿನ ಮೇಲೆ ಕೂತುಬಿಟ್ಟರು. ನಾನು ಫೋನ್ ಮಾಡಿ ನಾವು ಕಳೆದುಹೋದದ್ದನ್ನು ತಿಳಿಸಿದೆ. ಬಹಳ ಹೊತ್ತಿನ ಮೇಲೆ ಒಂದು ಹಳೆಯ ವ್ಯಾನು ಬಂತು. ಅದರಿಂದ ಇಳಿದವಳೇ ಐಲ್ಸಾ, ನಮ್ಮ ಆತಿಥೇಯಳು. ಅರವತ್ತು ದಾಟಿದ ಹೆಂಗಸು, ಬೂದು ಕೂದಲನ್ನು ತಾನೇ ಕತ್ತರಿಸಿಕೊಂಡಂತಿತ್ತು. ವ್ಯಾನಿನೊಳಗೆ ಒದ್ದೆ ನಾಯಿಯೊಂದು, ಹಗ್ಗದ ಸುರುಳಿಗಳು, ಸಮುದ್ರದ ನಾತ. ಬೈಯುತ್ತಾಳೇನೋ ಎಂದುಕೊಂಡೆ. ಅವಳೇ ಮೂರು ಸಲ ಸಾರಿ ಕೇಳಿದಳು. ಅಲ್ಲಿ ಕಾಲು ತುಳಿಸಿಕೊಂಡವರೂ ಸಾರಿ ಕೇಳುತ್ತಾರೆ.

ಅವಳ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಹಾಗೆಂದು ಅವಳೇ ಕೇಳಿಕೊಂಡಿದ್ದಾಳೆ. ಸಿಂಪಿ ಎಲ್ಲಿದೆಯೆಂದು ಗೊತ್ತಾದರೆ ಕಡಲ ನೀರು ಇಳಿಯುವ ಹೊತ್ತು ನೋಡಿ ಬಂದು ಚೀಲಕ್ಕೆ ತುಂಬಿಕೊಂಡು ಹೋಗುವವರಿದ್ದಾರಂತೆ.

ಐಲ್ಸಾಳ ಅಡಿಗೆಮನೆ

ಆ ಊರು ಬೆಟ್ಟಗಳ ನಡುವೆ ಕೈಚಾಚಿ ಒಳಬಂದ ಸಮುದ್ರದ ದಂಡೆಯಲ್ಲಿದೆ. ಒಂದೇ ರಸ್ತೆ, ಒಂದೇ ಅಂಗಡಿ. ಮನೆಗಳಲ್ಲಿ ದೀಪ ಉರಿಯುತ್ತದೆ, ಹೊರಗೆ ಯಾರೂ ಕಾಣುವುದಿಲ್ಲ. ಜಗುಲಿ ಎಂಬುದೇ ಇಲ್ಲ. ಪಕ್ಕದ ಮನೆಗೆ ಹೋಗುವವರೂ ಮೊದಲು ಮೆಸೇಜು ಕಳಿಸಿ, ಒಪ್ಪಿಗೆ ಬಂದ ಮೇಲೆ ಹೋಗುತ್ತಾರೆ. ರುದ್ರಕ್ಕನಿಗೆ ಇದು ಕಡೆಯವರೆಗೂ ನಂಬಿಕೆಯಾಗಲಿಲ್ಲ. ‘ಸಕ್ರಿ ಮುಗುದ್ರೆ ಹೆಂಗೆ?’ ಎಂದು ಕೇಳುತ್ತಲೇ ಇದ್ದರು.

ನಾವಿಬ್ಬರೂ ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ತಿಳಿಸಿದ್ದೆವು. ಐಲ್ಸಾ ದಿನವೂ ಗಜ್ಜರಿ, ಆಲೂಗಡ್ಡೆಯ ಸೂಪು ಮಾಡಿದಳು. ರುದ್ರಕ್ಕ ತಂದಿದ್ದ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ ನಮ್ಮ ಜೀವ ಉಳಿಸಿದವು. ಐಲ್ಸಾ ಆ ಪುಡಿಯನ್ನು ಬೆಳಗಿನ ಓಟ್ಸ್ ಗಂಜಿಯ ಮೇಲೆ ಉದುರಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೂ ಸ್ವಲ್ಪ ಎಂದಳು.

ಮೊದಲ ಸಂಜೆಯೇ ರುದ್ರಕ್ಕ ನೇರವಾಗಿ ಕೇಳಿದರು. ‘ಇವ್ರು ಸಿಂಪಿ ತಿನ್ನಾಕೂ ಸಾಕ್ತಿಲ್ಲ, ಮಾರಾಕೂ ಸಾಕ್ತಿಲ್ಲ ಅಂತೀರಿ. ಮತ್ತೆ ಯಾಕೆ ಈ ಒದ್ದಾಟ? ಕೇಳ್ರಿ.’

ನಾನು ಕೇಳಿದೆ. ಐಲ್ಸಾ ಮೇಜಿನ ಮೇಲಿದ್ದ ಖಾಲಿ ಚಿಪ್ಪೊಂದನ್ನು ನಮ್ಮ ಮುಂದಿಟ್ಟಳು. ಅಂಗೈಯಗಲದ, ಒರಟಾದ, ಪದರ ಪದರವಾದ ಚಿಪ್ಪು. ಹಿಂದೆ ಈ ನೀರಿನ ತಳವೆಲ್ಲ ಇದೇ ಇತ್ತು ಎಂದಳು. ಸಿಂಪಿ ಕೂತಲ್ಲೇ ಕೂತು ನೀರು ಹೀರಿ, ಸೋಸಿ, ತಿಳಿಮಾಡಿ ಬಿಡುತ್ತದೆ. ಅದರ ಸಂದುಗಳಲ್ಲಿ ಮೀನು ಮರಿ ಮಾಡುತ್ತವೆ, ಏಡಿ ಅಡಗುತ್ತವೆ. ಜನ ತಿಂದರು, ಪಟ್ಟಣಗಳಿಗೆ ಸಾಗಿಸಿದರು, ಕಬ್ಬಿಣದ ಹಲ್ಲಿನ ಬಲೆ ಎಳೆದು ತಳವನ್ನೇ ಕೆರೆದರು. ಅವಳ ಅಜ್ಜಿಯ ಕಾಲಕ್ಕೇ ಮುಗಿದುಹೋಗಿತ್ತು.

‘ಈಗ ಬಿಟ್ಟರೆ ತಾನಾಗಿ ಬೆಳೆಯುವುದಿಲ್ಲವೇ?’ ಎಂದೆ.

‘ಮರಿ ನೀರಿನಲ್ಲಿ ತೇಲುತ್ತಿರುತ್ತದೆ. ಕೂರಲು ಗಟ್ಟಿ ಜಾಗ ಬೇಕು. ಅದಕ್ಕೆ ಹಳೆಯ ಸಿಂಪಿಯ ಚಿಪ್ಪೇ ಬೇಕು. ಹಿರಿಯರೇ ಇಲ್ಲದ ಕಡೆ ಕಿರಿಯರು ಎಲ್ಲಿ ಕೂರಬೇಕು?’

ಹಾಗಾಗಿ ಊರವರು ಖಾಲಿ ಚಿಪ್ಪುಗಳನ್ನು ತಂದು ಕಡಲತಳದಲ್ಲಿ ಹಾಸುತ್ತಾರೆ. ಬೇರೆಡೆಯಿಂದ ತಂದ ಎಳೆಯ ಸಿಂಪಿಗಳನ್ನು ದೋಣಿ ಕಟ್ಟುವ ಜೆಟ್ಟಿಯ ಕೆಳಗೆ ಪಂಜರಗಳಲ್ಲಿ ತೂಗುಬಿಟ್ಟು, ಸರದಿಯ ಮೇಲೆ ತೊಳೆದು, ಅವನ್ನು ತಿನ್ನುವ ಏಡಿ, ನಕ್ಷತ್ರಮೀನುಗಳನ್ನು ಕಿತ್ತು, ದೊಡ್ಡವಾದ ಮೇಲೆ ಆ ಹಾಸಿನ ಮೇಲೆ ಬಿಡುತ್ತಾರೆ. ಶಾಲೆಯ ಮಾಸ್ತರರು, ಅಂಗಡಿಯವಳು, ಏಡಿ ಹಿಡಿಯುವ ಡೊನಾಲ್ಡ್, ಎಲ್ಲರೂ ಶುರುವಿನಲ್ಲಿ ಬಂದರು. ಹತ್ತು ವರ್ಷಕ್ಕೂ ಮಿಕ್ಕಿ ನಡೆದಿದೆ. ಬಿಟ್ಟ ಸಿಂಪಿಗಳು ಕೆಲವು ಬದುಕಿವೆ. ಅವುಗಳ ಮರಿ ಮಾತ್ರ ಇದುವರೆಗೆ ಒಂದೂ ಕಂಡಿಲ್ಲ.

‘ಅಂದ್ರೆ ಸಸಿ ನೆಟ್ಟಂಗೆ ನೆಡಾದು, ಸಾಯ್ತಿದ್ದಂಗೆ ಮತ್ತೆ ನೆಡಾದು’ ಎಂದರು ರುದ್ರಕ್ಕ.

ಇದನ್ನು ಹಾಗೇ ಅನುವಾದಿಸಿದೆ. ಐಲ್ಸಾ ತಲೆಯಾಡಿಸಿ ಸೂಪಿನ ಬಟ್ಟಲುಗಳನ್ನು ತೆಗೆದುಕೊಂಡು ಎದ್ದಳು.

ಜೆಟ್ಟಿ

ಮರುದಿನ ಪಂಜರಗಳನ್ನು ಎತ್ತುವ ದಿನ. ಜೆಟ್ಟಿಗೆ ಇಳಿಯುವ ಮೊದಲು ನಮ್ಮ ರಬ್ಬರ್ ಬೂಟುಗಳನ್ನು ಔಷಧಿ ಬೆರೆಸಿದ ನೀರಿನ ತೊಟ್ಟಿಯಲ್ಲಿ ಅದ್ದಿಸಿದರು. ಬೇರೆ ನೀರಿನ ರೋಗ ಸಿಂಪಿಗೆ ತಗಲಬಾರದೆಂದು. ಬಾಣಂತಿಯ ಮನೆಗೆ ಕಾಲು ತೊಳೆದು ಹೋದ ಹಾಗೆ ಎಂದುಕೊಂಡೆ.

ಅಲ್ಲಿದ್ದದ್ದು ನಾಲ್ಕೇ ಜನ. ನಾವಿಬ್ಬರು, ಐಲ್ಸಾ, ಡೊನಾಲ್ಡ್. ಡೊನಾಲ್ಡ್ ಎತ್ತರದ ಆಳು, ಮಾತಿಗೆ ಬದಲು ಗಂಟಲಿನಲ್ಲೇ ಒಂದು ಸದ್ದು ಮಾಡುತ್ತಿದ್ದ. ಉಳಿದವರು ಎಲ್ಲಿ ಎಂದು ಕೇಳಿದೆ. ಒಬ್ಬರಿಗೆ ಬೆನ್ನು ನೋವು, ಒಬ್ಬರು ಮಗಳ ಮನೆಗೆ ಹೋಗಿದ್ದಾರೆ, ಒಬ್ಬರು ಬರುತ್ತೇನೆಂದಿದ್ದರು. ಈ ಪಟ್ಟಿಯನ್ನು ನಾನು ಸೊಕ್ಕೆಯಲ್ಲೂ ಕೇಳಿದ್ದೇನೆ.

ಮೊದಲ ಪಂಜರ ಮೇಲೆ ಬಂತು. ಬಾಗಿಲು ತೆಗೆದ ಡೊನಾಲ್ಡ್ ಪಕ್ಕಕ್ಕೆ ಸರಿದ. ಐಲ್ಸಾ ಒಳಗೆ ಕೈ ಹಾಕಿ ಒಂದು ಸಿಂಪಿ ತೆಗೆದಳು. ಅದರ ಬಾಯಿ ತೆರೆದಿತ್ತು, ಒಳಗೆ ಬರೀ ಕೆಸರು. ಇನ್ನೊಂದೂ ಹಾಗೆಯೇ. ಹಿಂದಿನ ತಿಂಗಳು ಬೆಟ್ಟದ ಕಡೆ ಜೋರು ಮಳೆಯಾಗಿ, ಮರ ಕಡಿದ ಇಳಿಜಾರಿನ ಮಣ್ಣೆಲ್ಲ ಹಳ್ಳ ಹಿಡಿದು ಬಂದು ನೀರಿಗಿಳಿದಿತ್ತು. ಸಿಹಿನೀರು, ಹೂಳು, ಎರಡೂ ಸೇರಿ ಕೊಂದಿದ್ದವು.

ಆಮೇಲೆ ನಾವು ಮಾಡಿದ ಕೆಲಸವೆಂದರೆ ಸತ್ತದ್ದನ್ನೂ ಬದುಕಿದ್ದನ್ನೂ ಬೇರೆ ಮಾಡಿದ್ದು. ಬಾಯಿ ತೆರೆದದ್ದು ಸತ್ತದ್ದು, ಅದು ಸುಲಭ. ಬಾಯಿ ಮುಚ್ಚಿದ್ದನ್ನು ಎರಡೆರಡು ಹಿಡಿದು ಒಂದಕ್ಕೊಂದು ಬಡಿದು ನೋಡಬೇಕು. ಬದುಕಿದ್ದರೆ ಕಲ್ಲಿನ ಸದ್ದು. ಇಲ್ಲದಿದ್ದರೆ ಟೊಳ್ಳು, ಸಂತೆಯಲ್ಲಿ ಬಿರುಕು ಗಡಿಗೆ ಬಡಿದ ಹಾಗೆ. ಕೈಬೆರಳು ಮರಗಟ್ಟಿ ಹೋದವು. ಟೊಳ್ಳು ಸದ್ದು ಬಂದಾಗಲೆಲ್ಲ ಐಲ್ಸಾ ತಲೆ ಎತ್ತದೆಯೇ ಎಡಗೈಯಿಂದ ಬುಟ್ಟಿ ತೋರಿಸುತ್ತಿದ್ದಳು. ಸತ್ತವುಗಳ ಬುಟ್ಟಿಗಳೇ ತುಂಬಿದವು. ಬದುಕಿದವು ಒಂದು ಬಕೆಟ್ಟಿನ ತಳ ಮುಚ್ಚುವಷ್ಟು.

‘ಇದನ್ನ ತೋರ್ಸಾಕೆ ಕರ್ಸಿದ್ರೇನ್ರೀ ನಮ್ಮನ್ನ?’ ಎಂದು ರುದ್ರಕ್ಕ ನನ್ನ ಕಿವಿಯಲ್ಲಿ ಕೇಳಿದರು. ವ್ಯಂಗ್ಯವಲ್ಲ, ಸಂಕಟದಿಂದಲೇ ಕೇಳಿದ್ದು. ಮನೆಯಲ್ಲಿ ಸಾವಾದ ದಿನ ನೆಂಟರಾಗಿ ಬಂದಂತೆ ಇಬ್ಬರಿಗೂ ಮುಜುಗರವಾಗಿತ್ತು.

ಊರ ಸಭಾಂಗಣ

ಮಾರನೆಯ ಸಂಜೆ ಊರ ಸಭೆ. ನಮ್ಮನ್ನು ಸ್ವಾಗತಿಸಲೆಂದು ಮೊದಲೇ ಗೊತ್ತು ಮಾಡಿದ್ದ ಸಭೆ ಅದು, ಈಗ ಬೇರೆ ಸಭೆಯಾಯಿತು. ಕುರ್ಚಿಗಳು ಬಹಳ, ಜನ ಕಡಿಮೆ. ಎಲ್ಲರೂ ಹಿಂದಿನ ಸಾಲಿನಲ್ಲೇ ಕೂತಿದ್ದರು. ಚಹಾ, ಬಿಸ್ಕತ್ತು. ಹವಾಮಾನದ ಮಾತು ಮುಗಿಯದೆ ಅಲ್ಲಿ ಯಾವ ಮಾತೂ ಶುರುವಾಗುವುದಿಲ್ಲ.

ಐಲ್ಸಾ ಎದ್ದು ಪಂಜರಗಳ ಸುದ್ದಿ ಹೇಳಿದಳು. ಆಮೇಲೆ ಅದೇ ದನಿಯಲ್ಲಿ, ತಾನು ಇನ್ನು ಮುಂದೆ ಇದನ್ನು ನಡೆಸುವುದಿಲ್ಲ ಎಂದಳು. ‘ನನ್ನ ಮೊಣಕಾಲು ಹೋಗಿದೆ. ತಂಗಿ ದಕ್ಷಿಣದಲ್ಲಿ ಬಿಸಿಲಿರುವ ಊರಿನಲ್ಲಿದ್ದಾಳೆ, ಬಾ ಎನ್ನುತ್ತಿದ್ದಾಳೆ. ನಾಡಿದ್ದು ದೊಡ್ಡ ಇಳಿತವಿದೆ. ಆವತ್ತು ಚಿಪ್ಪಿನ ಹಾಸನ್ನು ಕೊನೆಯ ಸಲ ನೋಡಿ ಬರುತ್ತೇನೆ. ಮುಂದೆ ಯಾರು ನಡೆಸುತ್ತೀರಿ?’

ಬಿಸ್ಕತ್ತಿನ ತಟ್ಟೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

‘ಯಾರೂ ಕೈ ಎತ್ತವಲ್ರು ನೋಡ್ರಿ’ ಎಂದರು ರುದ್ರಕ್ಕ ಮೆಲ್ಲಗೆ. ‘ನಮ್ಮೂರಾಗಾದ್ರೆ ಎತ್ತತಾರೆ. ಆಮ್ಯಾಲೆ ಬರಲ್ಲ.’

ಮೌನ ತಡೆಯಲಾರದೆಯೋ ಏನೋ, ಶಾಲೆಯ ಮಾಸ್ತರರು ಭಾರತದಿಂದ ಬಂದ ಅತಿಥಿಗಳು ತಮ್ಮ ಕೆರೆಯ ಯಶಸ್ಸಿನ ಬಗ್ಗೆ ಎರಡು ಮಾತು ಹೇಳಲಿ ಎಂದರು. ರುದ್ರಕ್ಕ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ‘ನಾ ಹೇಳಿದಂಗೇ ಹೇಳ್ರಿ ಮೇಡಂ. ಚಂದ ಮಾಡಾಕೆ ಹೋಗಬ್ಯಾಡ್ರಿ.’

‘ನಮ್ಮ ಕೆರಿಗೆ ನೀರು ಬರೋ ಕಾಲುವೆ ಹೂಳು ತುಂಬಿತ್ತು. ನಾವು ಹೆಣ್ಣುಮಕ್ಕಳು ಸೇರಿ ತೆಗದ್ವಿ. ಆ ವರ್ಷ ನೀರು ಬಂತು, ಪೇಪರ್ನೋರು ಫೋಟೋ ಹಿಡ್ದ್ರು. ಮರುವರ್ಷ ನಮ್ಮೂರೋರೇ ಆ ಕಾಲುವಿಗೆ ಕಸ ತಂದು ಸುರುವಿದ್ರು. ನಾನು ಬೈದೆ. ಬೈದಿದ್ದಕ್ಕೆ ನಮ್ಮ ಓರಗಿತ್ತಿ ಇವತ್ತಿಗೂ ನನ್ನ ಮಾತಾಡ್ಸಲ್ಲ, ಅವರ ಮನಿ ಕಸಾನೂ ಇತ್ತು ಅದ್ರಾಗೆ. ಮತ್ತೆ ತೆಗದ್ವಿ. ಮತ್ತೆ ಹಾಕಿದ್ರು. ಸಭೆ ಕರದ್ರೆ ನಾನೂ ಸೆಕ್ರೆಟ್ರಿನೂ ಇಬ್ಬರೇ. ಹಂಗಾಗಿ ನಾನೂ ಬಿಡಬೇಕು ಅಂತ ಮಾಡೀನಿ. ಬ್ಯಾರೆ ದೇಶ ನೋಡಿ ಬಂದ್ರೆ ಹುರುಪು ಬರ್ತೈತೆ ಅಂತ ನನ್ನ ಕಳ್ಸ್ಯಾರೆ. ಇಲ್ಲಿ ನೋಡಿದ್ರೆ ಹಿಂಗೈತೆ.’

ಬಿಡಬೇಕೆಂದಿದ್ದಾರೆ ಎಂದು ನನಗೂ ಆಗಲೇ ಗೊತ್ತಾದದ್ದು. ಸಂಸ್ಥೆಯವರು ಕೇಳಿದರೆ ಏನೆನ್ನುತ್ತಾರೋ ಎಂಬ ಭಯವಿದ್ದರೂ ಹೇಳಿದ್ದನ್ನು ಹೇಳಿದಂತೆಯೇ ಇಂಗ್ಲಿಷಿಗೆ ಇಳಿಸಿದೆ. ಓರಗಿತ್ತಿಗೆ ಇಂಗ್ಲಿಷಿನಲ್ಲಿ ಪದ ಸಿಗದೆ, ಗಂಡನ ತಮ್ಮನ ಹೆಂಡತಿ ಎಂದು ಬಿಡಿಸಿ ಹೇಳಬೇಕಾಯಿತು. ಅಲ್ಲಿಯೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಡೊನಾಲ್ಡ್ ಕೂಡ ಗಂಟಲಿನಲ್ಲಿ ಆ ಸದ್ದು ಮಾಡಿದ. ಅಂಗಡಿಯವಳು ಕಣ್ಣೊರೆಸಿಕೊಂಡು, ‘ನಮ್ಮಲ್ಲೂ ಹಾಗೆಯೇ’ ಎಂದಳು. ಯಾರ ಹೆಸರನ್ನೂ ಹೇಳಲಿಲ್ಲ, ಆದರೆ ಮೂರು ನಾಲ್ಕು ತಲೆಗಳು ಒಂದೇ ಕಡೆ ತಿರುಗಿದವು.

ನಗು ನಿಂತ ಮೇಲೂ ಯಾರೂ ಕೈ ಎತ್ತಲಿಲ್ಲ. ಸಭೆ ಮುಗಿಯಿತು. ಜನ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿ, ಲೋಟ ತೊಳೆದಿಟ್ಟು ಹೋದರು. ಆ ಶಿಸ್ತು ಮಾತ್ರ ಮೆಚ್ಚುವಂಥದ್ದು.

ದೊಡ್ಡ ಇಳಿತ

ಹುಣ್ಣಿಮೆಯ ಆಸುಪಾಸಿನಲ್ಲಿ ಸಮುದ್ರ ಬಹಳ ದೂರ ಹಿಂದೆ ಸರಿಯುತ್ತದೆ. ಬೇರೆ ದಿನ ನೀರಿನಡಿ ಇರುವ ನೆಲ ಸ್ವಲ್ಪ ಹೊತ್ತು ಬಯಲಾಗುತ್ತದೆ. ಐಲ್ಸಾ, ರುದ್ರಕ್ಕ, ನಾನು ಮೂವರೇ ಹೋದೆವು. ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಎದೆಯವರೆಗೆ ಬರುವ ರಬ್ಬರ್ ಪ್ಯಾಂಟಿನೊಳಗೆ ಸೀರೆಯನ್ನು ತುರುಕಿಕೊಂಡು ರುದ್ರಕ್ಕ ಮೂಟೆಯಂತೆ ನಡೆಯುತ್ತಿದ್ದರು.

ಚಿಪ್ಪು ಹಾಸಿದ್ದ ಜಾಗ ಬಂತು. ಹಾಸು ಇದೆ ಎಂದು ಹೇಳಿದರಷ್ಟೇ ತಿಳಿಯಬೇಕು. ಮುಕ್ಕಾಲು ಭಾಗ ಬೂದು ಕೆಸರಿನಡಿ ಹೋಗಿತ್ತು. ಅಲ್ಲಲ್ಲಿ ಮಾತ್ರ ಚಿಪ್ಪಿನ ಅಂಚುಗಳು ಹೊರಚಾಚಿದ್ದವು. ಐಲ್ಸಾ ಬಗ್ಗಿ ಬಗ್ಗಿ ನೋಡುತ್ತ ಹೋದಳು. ಒಂದು ದೊಡ್ಡ ಸಿಂಪಿಯನ್ನು ಮುಟ್ಟಿ, ಬದುಕಿದೆ ಎಂದಳು. ಮುಂದಿನದನ್ನು ಮುಟ್ಟಿ ಹಾಗೇ ದಾಟಿ ಹೋದಳು.

ಅಷ್ಟರಲ್ಲಿ ನನ್ನ ಬಲಗಾಲು ಕೆಸರಿನಲ್ಲಿ ಹೂತುಕೊಂಡಿತು. ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. ಆಯ ತಪ್ಪಿ ಪಕ್ಕಕ್ಕೆ ಒರಗಿ ಪೂರ್ತಿ ಬಿದ್ದುಬಿಟ್ಟೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಿ ಓಡಾಡಿ ಬೆಳೆದವಳು ನಾನು, ಕೆಸರು ಗೊತ್ತು ಎಂದುಕೊಂಡಿದ್ದೆ. ಈ ಕೆಸರಿಗೆ ತಳವೇ ಇರಲಿಲ್ಲ. ಇಬ್ಬರೂ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಳೆದರು. ಐಲ್ಸಾ ಬೂಟು ಕಿತ್ತು ಕೊಟ್ಟಳು. ಎದ್ದು ನಿಂತಾಗ ಅಳು ಬಂತು. ಬಿದ್ದ ನೋವಿಗಲ್ಲ. ಚಳಿಗೆ, ದಣಿವಿಗೆ, ಇಷ್ಟು ದೂರ ಬಂದು ಏನೂ ಕಾಣದೆ ಹೋಗುವುದಕ್ಕೆ.

‘ಸುಮ್ನಿರ್ರಿ ಮೇಡಂ. ಮಣ್ಣು ತಾನೇ’ ಎಂದರು ರುದ್ರಕ್ಕ. ಬಗ್ಗಿ ಕೈಗೆ ಸಿಕ್ಕಿದ ಒಂದು ಚಿಪ್ಪನ್ನು ಎತ್ತಿಕೊಂಡು, ದೋಸೆ ಕಾವಲಿ ಕೆರೆದಂತೆ ನನ್ನ ಕೋಟಿನ ಕೆಸರು ಕೆರೆಯತೊಡಗಿದರು. ಎರಡು ಸಲ ಕೆರೆದಿರಬಹುದು. ಐಲ್ಸಾ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.

ತಪ್ಪು ಮಾಡಿದೆವೆಂದು ಇಬ್ಬರೂ ಹೆದರಿದೆವು. ಐಲ್ಸಾ ಆ ಚಿಪ್ಪನ್ನು ಬಿಡಿಸಿಕೊಂಡು, ನಿಂತ ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು. ಕನ್ನಡಕ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ನಮಗೆ ತೋರಿಸಿದಳು. ಸತ್ತ ಚಿಪ್ಪಿನ ಒಳಮೈಯಲ್ಲಿ ಕಿರುಬೆರಳ ಉಗುರಿನಷ್ಟು ಅಗಲದ, ಹೊಳೆಯುವ ಒಂದು ಸಣ್ಣ ಬಿಲ್ಲೆ ಅಂಟಿಕೊಂಡಿತ್ತು. ಅಂಚಿನಲ್ಲಿ ತೆಳುವಾದ ಹೊಸ ಪದರ.

‘ಇದು ನಾವು ತಂದು ಬಿಟ್ಟದ್ದಲ್ಲ’ ಎಂದಳು. ‘ಇಲ್ಲೇ ಹುಟ್ಟಿದ್ದು.’

ಪಕ್ಕದ ಚಿಪ್ಪುಗಳನ್ನು ಒಂದೊಂದಾಗಿ ತಿರುವಿದಳು. ಇನ್ನೊಂದು ಸಿಕ್ಕಿತು. ಸ್ವಲ್ಪ ದೂರದಲ್ಲಿ ಮತ್ತೊಂದು. ಅವಳು ಕೂಗಲಿಲ್ಲ, ನಗಲಿಲ್ಲ. ಚಿಪ್ಪುಗಳನ್ನು ಇದ್ದ ಜಾಗದಲ್ಲೇ, ಇದ್ದ ಮಗ್ಗುಲಲ್ಲೇ ಇಟ್ಟು, ಹತ್ತಿರದ ಬಂಡೆಯ ಮೇಲೆ ಹೋಗಿ ಕೂತಳು. ಮೊಣಕಾಲನ್ನು ಎರಡೂ ಕೈಯಿಂದ ತಿಕ್ಕುತ್ತ ನೀರಿನ ಕಡೆ ನೋಡಿದಳು. ನಾನು ಹತ್ತಿರ ಹೋದೆ.

‘ಹಾಗಾದರೆ ನಾನು ಇನ್ನು ಹೋಗುವಂತಿಲ್ಲ’ ಎಂದಳು. ಸಾಮಾನು ಕಟ್ಟಿಟ್ಟವರಿಗೆ ಬಸ್ಸಿಲ್ಲ ಎಂದು ಯಾರೋ ಹೇಳಿದ ಹಾಗಿತ್ತು ಅವಳ ಮುಖ.

ರುದ್ರಕ್ಕ ಕೆಸರಿನಲ್ಲಿ ಕಾಲು ಎತ್ತಿ ಇಡುತ್ತ ಬಂದರು. ‘ಏನಂತಾರ್ರೀ?’

‘ಇನ್ನು ಬಿಟ್ಟು ಹೋಗಾಕೆ ಆಗಲ್ಲಂತೆ.’

ರುದ್ರಕ್ಕ ಐಲ್ಸಾಳನ್ನು ನೋಡಿದರು. ‘ಪಾಪ’ ಎಂದರು.

‘ಅವರು ಏನಂದರು?’ ಎಂದು ಐಲ್ಸಾ ನನ್ನನ್ನು ಕೇಳಿದಳು. ಅಷ್ಟು ಚಿಕ್ಕ ಮಾತನ್ನು ಆ ಹೊತ್ತಿನಲ್ಲಿ ಅವಳ ಭಾಷೆಗೆ ಹೇಗೆ ತರಬೇಕೋ ನನಗೆ ತಿಳಿಯಲಿಲ್ಲ. ‘ತುಂಬ ಸಂತೋಷವಾಯಿತು ಎನ್ನುತ್ತಿದ್ದಾರೆ’ ಎಂದೆ.

ಐಲ್ಸಾ ರುದ್ರಕ್ಕನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ‘ಇಲ್ಲ’ ಎಂದಳು, ‘ಅವರು ಹಾಗೆ ಹೇಳಲಿಲ್ಲ.’ ಪಕ್ಕಕ್ಕೆ ಸರಿದು ಬಂಡೆಯ ಮೇಲೆ ಜಾಗ ಮಾಡಿಕೊಟ್ಟಳು. ರುದ್ರಕ್ಕ ಕೂತರು. ನೀರು ತಿರುಗಿ ಬರುವವರೆಗೂ ಇಬ್ಬರೂ ಏಳಲಿಲ್ಲ.